ಥಿಂಕ್‌ಪ್ಯಾಡ್ ಟಿ480 ಮೇಲೆ ಓಪನ್‌ಬಿಎಸ್‌ಡಿ 7.7: ಪರದೆ ಮತ್ತು ವೈಫೈ ಕುರಿತು ಒಂದು ವಿಮರ್ಶೆ

ಲ್ಯಾಪ್‌ಟಾಪಿಗೆ ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಲು ಹೊರಟವರನ್ನು ಮುಖ್ಯವಾಗಿ ಕಾಡುವುದು ಎರಡೇ ಪ್ರಶ್ನೆಗಳು: ಪರದೆ ಪೂರ್ಣ ರೆಸಲ್ಯೂಷನ್‌ನಲ್ಲಿ ಬರುತ್ತದೆಯೇ, ವೈಫೈ ಸಿಗುತ್ತದೆಯೇ. ಡಿಸ್ಕು, ಕೀಬೋರ್ಡು, ಯುಎಸ್‌ಬಿ ಪೋರ್ಟುಗಳು ಎಲ್ಲ ತಯಾರಕರೂ ಒಪ್ಪಿಕೊಂಡ ಮಾನದಂಡಗಳಿಗೆ ಒಳಪಟ್ಟಿರುವುದರಿಂದ ಒಮ್ಮೆ ಬರೆದ ಡ್ರೈವರ್ (ಯಂತ್ರದ ಒಂದು ಭಾಗವನ್ನು ನಡೆಸುವ ತಂತ್ರಾಂಶ) ನೂರಾರು ಮಾದರಿಗಳಿಗೆ ಸಾಲುತ್ತದೆ. ಗ್ರಾಫಿಕ್ಸ್ ಚಿಪ್ಪು ಮತ್ತು ವೈಫೈ ಕಾರ್ಡುಗಳ ಮಾತು ಹಾಗಲ್ಲ. ಒಂದೇ ಕಂಪನಿಯ ಎರಡು ತಲೆಮಾರಿನ ಚಿಪ್ಪುಗಳು ಕೂಡ ಒಳಗೆ ಬೇರೆ ಬೇರೆ ರೀತಿಯಲ್ಲಿ ನಡೆದುಕೊಳ್ಳುತ್ತವೆ. ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ತಯಾರಕರೇ ಬರೆದ ಫರ್ಮ್‌ವೇರ್ (ಚಿಪ್ಪಿನೊಳಗಿನ ತಂತ್ರಾಂಶ) ಓಡಬೇಕು, ಆ ಫರ್ಮ್‌ವೇರನ್ನು ಯಾರು ಹಂಚಬಹುದು ಎಂಬುದನ್ನು ತಯಾರಕರೇ ತೀರ್ಮಾನಿಸುತ್ತಾರೆ. ಆದ್ದರಿಂದ ಒಂದು ಆಪರೇಟಿಂಗ್ ಸಿಸ್ಟಂ ಲ್ಯಾಪ್‌ಟಾಪಿಗೆ ಎಷ್ಟು ಯೋಗ್ಯ ಎಂದು ಅಳೆಯಲು ಈ ಎರಡು ಭಾಗಗಳನ್ನು ನೋಡಿದರೆ ಬಹುಪಾಲು ಉತ್ತರ ಸಿಕ್ಕಂತೆಯೇ.

ನಾನು ಇಲ್ಲಿ ವಿಮರ್ಶಿಸುತ್ತಿರುವುದು 2025ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಓಪನ್‌ಬಿಎಸ್‌ಡಿ 7.7 ಅನ್ನು, ಅದೂ ಒಂದು ನಿರ್ದಿಷ್ಟ ಯಂತ್ರದ ಮೇಲೆ: ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡ, ಯಾವುದೋ ಕಚೇರಿಯಲ್ಲಿ ಬಳಕೆಯಾಗಿ ಹೊರಬಂದ ಲೆನೊವೊ ಥಿಂಕ್‌ಪ್ಯಾಡ್ ಟಿ480. ಈ ಮಾದರಿ 2018ರಲ್ಲಿ ಮಾರುಕಟ್ಟೆಗೆ ಬಂದದ್ದು. ಎಂಟನೆಯ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, ಅದರೊಳಗೇ ಇರುವ ಯುಎಚ್‌ಡಿ 620 ಗ್ರಾಫಿಕ್ಸ್, 14 ಇಂಚಿನ 1920x1080 ಐಪಿಎಸ್ ಪರದೆ, ಇಂಟೆಲ್ 8265 ವೈಫೈ ಕಾರ್ಡು, ಮಗ್ಗುಲಲ್ಲಿ ನಿಜವಾದ ಈಥರ್ನೆಟ್ ಪೋರ್ಟು. ಈ ಕೊನೆಯ ಅಂಶ ಎಷ್ಟು ಮುಖ್ಯ ಎಂಬುದನ್ನು ವೈಫೈ ಬಗ್ಗೆ ಹೇಳುವಾಗ ವಿವರಿಸುತ್ತೇನೆ.

ಓಪನ್‌ಬಿಎಸ್‌ಡಿ ಪರಿಚಯವಿಲ್ಲದವರಿಗಾಗಿ ಎರಡು ಮಾತು. 1995ರಲ್ಲಿ ನೆಟ್‌ಬಿಎಸ್‌ಡಿ ಎಂಬ ಇನ್ನೊಂದು ಯುನಿಕ್ಸ್ ಬಗೆಯ ವ್ಯವಸ್ಥೆಯಿಂದ ಕವಲೊಡೆದ ಈ ಯೋಜನೆಯ ಮುಂದಾಳು ಥಿಯೋ ಡಿ ರಾಟ್; ಅದರ ನೆಲೆ ಕೆನಡಾದ ಕ್ಯಾಲ್ಗರಿ. ಆರು ತಿಂಗಳಿಗೊಮ್ಮೆ ಹೊಸ ಬಿಡುಗಡೆ ಬರುತ್ತದೆ. ಭದ್ರತೆಗೆ ಇದು ಹೆಸರುವಾಸಿಯಾಗಿರುವುದು ನಿಜ. ಆದರೆ ಲ್ಯಾಪ್‌ಟಾಪ್ ಬಳಕೆದಾರನಿಗೆ ಅದಕ್ಕಿಂತ ಮೊದಲು ಅನುಭವಕ್ಕೆ ಬರುವ ಗುಣ ಬೇರೆ. ಇಲ್ಲಿ ಕರ್ನಲ್ (ವ್ಯವಸ್ಥೆಯ ತಿರುಳು), ಡ್ರೈವರುಗಳು, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್ ವಿಂಡೋ ವ್ಯವಸ್ಥೆ, ಜಾಲದ ಉಪಕರಣಗಳು, ಕೈಪಿಡಿಯ ಪುಟಗಳು ಎಲ್ಲವನ್ನೂ ಒಂದೇ ತಂಡ ಒಂದೇ ಕಡೆ ಇಟ್ಟುಕೊಂಡು ಒಟ್ಟಿಗೇ ಹೊರತರುತ್ತದೆ. ಅದನ್ನು ಬರೆಯುವವರಲ್ಲಿ ಅನೇಕರು ಥಿಂಕ್‌ಪ್ಯಾಡುಗಳ ಮೇಲೆಯೇ ದಿನವಿಡೀ ಕೆಲಸ ಮಾಡುತ್ತಾರೆ. ತಾವು ದಿನಾಲೂ ನೋಡುವ ಪರದೆಯನ್ನೂ ತಾವು ದಿನಾಲೂ ಬಳಸುವ ವೈಫೈಯನ್ನೂ ಅವರು ಕೆಟ್ಟಿರಲು ಬಿಡುವುದಿಲ್ಲ ಎಂಬುದೇ ಈ ವಿಮರ್ಶೆಯ ಬಹುಪಾಲು ಹೊಗಳಿಕೆಗೆ ಕಾರಣ.

ಪರದೆಯಿಂದ ಆರಂಭಿಸೋಣ. ಪೆನ್‌ಡ್ರೈವಿನಿಂದ ಬೂಟ್ ಮಾಡಿದಾಗ ಬರುವ ಇನ್‌ಸ್ಟಾಲರ್ ಬರೀ ಅಕ್ಷರಗಳದ್ದು. ಮೌಸ್ ಇಲ್ಲ, ಬಣ್ಣದ ಕಿಟಕಿಗಳಿಲ್ಲ. ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ, ಹೆಚ್ಚಿನವಕ್ಕೆ ಎಂಟರ್ ಒತ್ತಿದರೆ ಸಾಕು. ಅವುಗಳ ನಡುವೆ ಎಕ್ಸ್ ವಿಂಡೋ ವ್ಯವಸ್ಥೆಯನ್ನು ಕ್ಸೆನೊಡಿಎಂ ಎಂಬ ಲಾಗಿನ್ ತಂತ್ರಾಂಶದ ಮೂಲಕ ಆರಂಭಿಸಬೇಕೇ ಎಂದು ಕೇಳುವ ಒಂದು ಪ್ರಶ್ನೆ ಇದೆ; ಅದಕ್ಕೆ ಮಾತ್ರ ಮರೆಯದೆ ‘ಹೌದು’ ಎನ್ನಬೇಕು. ಗ್ರಾಫಿಕ್ಸ್ ಬಗ್ಗೆ ಬಳಕೆದಾರ ಕೊಡಬೇಕಾದ ಉತ್ತರ ಇಷ್ಟೇ. ಅನುಸ್ಥಾಪನೆ ಮುಗಿದು ಯಂತ್ರ ಮತ್ತೆ ಏಳುವಾಗ ಕರ್ನಲ್ಲಿನ ಸಂದೇಶಗಳು ನೀಲಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಹರಿಯುತ್ತವೆ. ಮೊದಲ ಕೆಲವು ಕ್ಷಣ ಅಕ್ಷರಗಳು ಒರಟಾಗಿರುತ್ತವೆ, ಆಮೇಲೆ ಪರದೆ ಒಮ್ಮೆ ಮಿನುಗಿ ಅದೇ ಸಾಲುಗಳು ಚೊಕ್ಕವಾಗಿ, ಪರದೆಯ ನಿಜವಾದ ಅಳತೆಗೆ ತಕ್ಕಂತೆ ಕಾಣತೊಡಗುತ್ತವೆ. ಇಂಟೆಲ್‌ಡಿಆರ್‌ಎಂ ಎಂಬ ಡ್ರೈವರ್ ಫಲಕವನ್ನು ತನ್ನ ವಶಕ್ಕೆ ತೆಗೆದುಕೊಂಡ ಗಳಿಗೆ ಅದು. ಆಮೇಲೆ, ಕರ್ನಲ್ಲಿನ ಸಂದೇಶಗಳನ್ನು ಮತ್ತೆ ತೋರಿಸುವ ಡಿಮೆಸೇಜ್ ಆದೇಶ ಕೊಟ್ಟು ನೋಡಿದರೆ ಇಂಟೆಲ್‌ಡಿಆರ್‌ಎಂ0 ಎಂಬ ಹೆಸರಿನ ಮುಂದೆ 1920x1080, 32 ಬಿಪಿಪಿ (ಪ್ರತಿ ಚುಕ್ಕೆಗೆ 32 ಬಿಟ್) ಎಂದು ಬರೆದಿರುತ್ತದೆ. ಆ ಒಂದು ಸಾಲು ಕಂಡಿತೆಂದರೆ ಗ್ರಾಫಿಕ್ಸ್ ಕುರಿತ ಚಿಂತೆಯನ್ನು ಬಿಡಬಹುದು.

ಕ್ಸೆನೊಡಿಎಂನ ಲಾಗಿನ್ ಪೆಟ್ಟಿಗೆ ಪೂರ್ಣ ರೆಸಲ್ಯೂಷನ್‌ನಲ್ಲಿಯೇ ಬರುತ್ತದೆ. ಎಕ್ಸ್ ಸರ್ವರಿಗೆಂದು ಒಂದು ಸಂರಚನಾ ಕಡತವನ್ನೂ ಬರೆಯಬೇಕಾಗಿಲ್ಲ. ಬಳಕೆದಾರನನ್ನು ಯಾವುದೋ ಗುಂಪಿಗೆ ಸೇರಿಸಿ ಗ್ರಾಫಿಕ್ಸ್ ಸಾಧನವನ್ನು ಮುಟ್ಟುವ ಅನುಮತಿ ಕೊಡಿಸುವ ಗೋಜೂ ಇಲ್ಲ. ಕನ್ಸೋಲಿನಲ್ಲಿ ಲಾಗಿನ್ ಆದವರಿಗೆ ಆ ಸಾಧನದ ಒಡೆತನ ತಾನಾಗಿಯೇ ವರ್ಗವಾಗುತ್ತದೆ, ಹೊರಗೆ ಬಂದಾಗ ಹಿಂದಕ್ಕೆ ಹೋಗುತ್ತದೆ. ಬೆಳಕನ್ನು ಏರಿಸಿ ಇಳಿಸುವ ಕೀಲಿಗಳು ಥಿಂಕ್‌ಪ್ಯಾಡಿನಲ್ಲಿ ಮೊದಲ ಬಾರಿಗೇ ಕೆಲಸ ಮಾಡಿದವು, ಏಕೆಂದರೆ ಆ ಕಂಪನಿಯ ಕೀಲಿಗಳಿಗೆಂದೇ ಪ್ರತ್ಯೇಕ ಡ್ರೈವರ್ ಕರ್ನಲ್ಲಿನಲ್ಲಿದೆ. ಆದೇಶದ ಮೂಲಕವೇ ಬೆಳಕನ್ನು ಹೊಂದಿಸಬೇಕೆನ್ನುವವರಿಗೆ ಡಬ್ಲ್ಯುಎಸ್‌ಕಾನ್ಸ್‌ಸಿಟಿಎಲ್ ಇದೆ. ವಿಡಿಯೊ ನೋಡುವಾಗ ಅಥವಾ ಪುಟವನ್ನು ವೇಗವಾಗಿ ಉರುಳಿಸುವಾಗ ಚಿತ್ರ ಅಡ್ಡಕ್ಕೆ ಸೀಳಿದಂತೆ ಕಂಡರೆ, ಇಂಟೆಲ್ ಡ್ರೈವರನ್ನು ಹೆಸರಿಸಿ ಅದರ ಟಿಯರ್‌ಫ್ರೀ ಆಯ್ಕೆಯನ್ನು ಚಾಲೂ ಮಾಡುವ ಐದಾರು ಸಾಲಿನ ಕಡತವನ್ನು ಎಕ್ಸ್11 ಡೈರೆಕ್ಟರಿಯಲ್ಲಿ ಇಟ್ಟರೆ ಸರಿಹೋಗುತ್ತದೆ. ಸಿನಿಮಾ ನೋಡದವರಿಗೆ ಇದರ ಅಗತ್ಯ ಬಾರದಿರಬಹುದು.

ಲಾಗಿನ್ ಆದ ಮೇಲೆ ಎದುರಾಗುವ ಎಫ್‌ವಿಡಬ್ಲ್ಯುಎಂ ಎಂಬ ಮೂಲ ಡೆಸ್ಕ್‌ಟಾಪ್ ಹಳೆಯ ಕಾಲದ್ದು. ಅದನ್ನು ಕಂಡು ಇಡೀ ವ್ಯವಸ್ಥೆಯ ಬಗ್ಗೆ ತೀರ್ಪು ಕೊಡುವುದು ಬೇಡ. ಎಕ್ಸ್‌ಎಫ್‌ಸಿಇ, ಗ್ನೋಮ್, ಕೆಡಿಇ ಎಂಬ ಆಧುನಿಕ ಡೆಸ್ಕ್‌ಟಾಪುಗಳು ಮೂರೂ ಪ್ಯಾಕೇಜುಗಳಾಗಿ ದೊರೆಯುತ್ತವೆ.

ಪರದೆಯ ವಿಷಯ ಇಷ್ಟು ಸಲೀಸಾಗಿರುವುದರ ಹಿಂದೆ ದೊಡ್ಡ ದುಡಿಮೆ ಇದೆ. ಇಂಟೆಲ್ ಮತ್ತು ಎಎಂಡಿ ಗ್ರಾಫಿಕ್ಸ್ ಡ್ರೈವರುಗಳ ಮೂಲ ಲಿನಕ್ಸ್ ಕರ್ನಲ್; ಅಲ್ಲಿನ ಲಕ್ಷಾಂತರ ಸಾಲುಗಳ ಕೋಡನ್ನು ಓಪನ್‌ಬಿಎಸ್‌ಡಿಯವರು ಕಾಲಕಾಲಕ್ಕೆ ತಮ್ಮ ಕರ್ನಲ್ಲಿಗೆ ಹೊಂದಿಸಿ ತಂದುಕೊಳ್ಳುತ್ತಾರೆ. 7.7ರಲ್ಲಿರುವುದು ಲಿನಕ್ಸ್ 6.12 ಸರಣಿಯ ಕೋಡು. ಲಿನಕ್ಸಿನ ಗ್ರಾಫಿಕ್ಸ್ ಕೋಡನ್ನು ಬಿಎಸ್‌ಡಿ ಬಳಗದ ಇನ್ನೊಂದು ವ್ಯವಸ್ಥೆಯಾದ ಫ್ರೀಬಿಎಸ್‌ಡಿಯೂ ಬಳಸುತ್ತದೆ, ಆದರೆ ಅಲ್ಲಿ ಅದು ಕರ್ನಲ್ಲಿನ ಜೊತೆ ಬರುವುದಿಲ್ಲ. ಡಿಆರ್‌ಎಂ-ಕೆಮಾಡ್ ಎಂಬ ಪ್ರತ್ಯೇಕ ಪ್ಯಾಕೇಜನ್ನು ಹಾಕಿ, ಐ915ಕೆಎಂಎಸ್ ಮಾಡ್ಯೂಲನ್ನು ಬೂಟ್ ಸಮಯದಲ್ಲಿ ತುಂಬಿಸಲು ಆರ್‌ಸಿ.ಕಾನ್ಫ್ ಕಡತದಲ್ಲಿ ಒಂದು ಸಾಲು ಬರೆದು, ಬಳಕೆದಾರನನ್ನು ವಿಡಿಯೊ ಗುಂಪಿಗೆ ಸೇರಿಸಬೇಕು. ಇದು ಕಷ್ಟದ ಕೆಲಸವೇನಲ್ಲ. ತೊಂದರೆ ಇರುವುದು ಆಮೇಲೆ: ಕರ್ನಲ್ ಒಂದು ಬಿಡುಗಡೆ ಮುಂದಕ್ಕೆ ಹೋಗಿ, ಪ್ಯಾಕೇಜು ಹಿಂದಿನ ಬಿಡುಗಡೆಗೆಂದು ಕಟ್ಟಿದ್ದಾಗಿಯೇ ಉಳಿದರೆ, ಅಪ್‌ಗ್ರೇಡ್ ಮಾಡಿದ ಮರುಕ್ಷಣ ಪರದೆ ಕಪ್ಪಾಗಬಹುದು ಅಥವಾ ಯಂತ್ರವೇ ಕುಸಿಯಬಹುದು. 14.2 ಬಿಡುಗಡೆಯಿಂದ ಕರ್ನಲ್ ಮಾಡ್ಯೂಲುಗಳಿಗೆಂದೇ ಪ್ರತ್ಯೇಕ ಭಂಡಾರವನ್ನು ತೆರೆದು ಫ್ರೀಬಿಎಸ್‌ಡಿಯವರು ಈ ತೊಡಕನ್ನು ಬಹಳಷ್ಟು ತಗ್ಗಿಸಿದ್ದಾರೆ, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೂ ಡ್ರೈವರೂ ಕರ್ನಲ್ಲೂ ಒಂದೇ ದಿನ ಒಂದೇ ಮೂಲದಿಂದ ಕಟ್ಟಿಬರುವ ಓಪನ್‌ಬಿಎಸ್‌ಡಿಯಲ್ಲಿ ಇಂಥ ತೊಡಕು ಹುಟ್ಟುವುದೇ ಇಲ್ಲ. ಸಿಸ್‌ಅಪ್‌ಗ್ರೇಡ್ ಎಂದು ಒಂದು ಆದೇಶ ಕೊಟ್ಟು ಮುಂದಿನ ಬಿಡುಗಡೆಗೆ ಹೋದರೆ, ಹಿಂದೆ ಬಂದಂತೆಯೇ ಪರದೆ ಬರುತ್ತದೆ ಎಂದು ನಂಬಬಹುದು. ಕೆಲಸಕ್ಕೆ ಬಳಸುವ ಲ್ಯಾಪ್‌ಟಾಪಿನಲ್ಲಿ ಈ ನಂಬಿಕೆಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಹೊರಗಿನ ಪರದೆಗಳ ಬಗ್ಗೆಯೂ ಹೇಳಬೇಕು. ಎಚ್‌ಡಿಎಂಐ ಕೇಬಲ್ ಸಿಕ್ಕಿಸಿ ಎಕ್ಸ್‌ರ್ಯಾಂಡರ್ ಆದೇಶದಿಂದ ಎರಡನೆಯ ಪರದೆಯನ್ನು ಬಲಕ್ಕೋ ಎಡಕ್ಕೋ ಇರಿಸುವುದು ಯಾವ ತೊಂದರೆಯೂ ಇಲ್ಲದೆ ನಡೆಯುತ್ತದೆ. ಸಭೆಯ ಕೋಣೆಯ ಪ್ರೊಜೆಕ್ಟರಿಗೂ ಇದೇ ಕ್ರಮ. 4ಕೆ ಮಾನಿಟರ್ ಇದ್ದವರು ಟಿ480ಯ ಎಚ್‌ಡಿಎಂಐ ಬದಲು ಯುಎಸ್‌ಬಿ-ಸಿ ಪೋರ್ಟನ್ನು ಬಳಸುವುದು ಒಳ್ಳೆಯದು, ಏಕೆಂದರೆ ಈ ಯಂತ್ರದ ಎಚ್‌ಡಿಎಂಐ 1.4 ಆವೃತ್ತಿಯದಾಗಿರುವುದರಿಂದ 4ಕೆಯಲ್ಲಿ ಸೆಕೆಂಡಿಗೆ 30 ಚಿತ್ರಗಳಿಗೇ ನಿಲ್ಲುತ್ತದೆ. ಇದು ಯಂತ್ರದ ಮಿತಿ, ಆಪರೇಟಿಂಗ್ ಸಿಸ್ಟಂನದ್ದಲ್ಲ. ಮುಚ್ಚಳ ಮುಚ್ಚಿ ಹೊರಗಿನ ಪರದೆಯಲ್ಲಿಯೇ ಕೆಲಸ ಮಾಡುವವರು ಮೆಷ್‌ಡೆಪ್.ಲಿಡ್‌ಆಕ್ಷನ್ ಎಂಬ ಕರ್ನಲ್ ಮೌಲ್ಯವನ್ನು ಸಿಸ್‌ಸಿಟಿಎಲ್ ಆದೇಶದಿಂದ 0 ಮಾಡಿಕೊಳ್ಳಬೇಕು; ಇಲ್ಲದಿದ್ದರೆ ಮುಚ್ಚಳ ಬಿದ್ದೊಡನೆ ಯಂತ್ರ ನಿದ್ರೆಗೆ ಜಾರುತ್ತದೆ. ಆ ನಿದ್ರೆ ಮತ್ತು ಎಚ್ಚರ ಎರಡೂ ಟಿ480ಯಲ್ಲಿ ಭರವಸೆಗೆ ಅರ್ಹವಾಗಿವೆ: ಮುಚ್ಚಳ ತೆರೆದಾಗ ಪರದೆ ಇದ್ದ ಸ್ಥಿತಿಗೇ ಮರಳುತ್ತದೆ, ವೈಫೈ ತನ್ನ ಜಾಲವನ್ನು ತಾನೇ ಹುಡುಕಿ ಸೇರಿಕೊಳ್ಳುತ್ತದೆ.

ವೈಫೈ ಕಥೆ ಇಷ್ಟು ನೇರವಲ್ಲ, ಹಾಗೆಯೇ ಹೆಚ್ಚು ಸ್ವಾರಸ್ಯದ್ದು. ಮೊದಲ ಬಾರಿ ಬೂಟ್ ಆದಾಗ, ಜಾಲದ ಕೇಬಲ್ ಸಿಕ್ಕಿಸಿರದಿದ್ದರೆ, ಪರದೆಯ ಮೇಲೆ ಒಂದು ಸಾಲು ಕಾಣುತ್ತದೆ: ಐಡಬ್ಲ್ಯುಎಂ0 ಎಂಬ ಸಾಧನಕ್ಕೆ (ನಮ್ಮ ವೈಫೈ ಕಾರ್ಡಿಗೆ ವ್ಯವಸ್ಥೆ ಇಟ್ಟ ಹೆಸರು) ತನ್ನ 8265 ಫರ್ಮ್‌ವೇರ್ ಕಡತವನ್ನು ಓದಲಾಗಲಿಲ್ಲ, ದೋಷ 2. ಯುನಿಕ್ಸಿನಲ್ಲಿ ದೋಷ 2 ಎಂದರೆ ಆ ಹೆಸರಿನ ಕಡತವೇ ಇಲ್ಲ. ಹೊಸಬರು ಇದನ್ನು ಕಂಡು ಕಾರ್ಡು ಕೆಟ್ಟಿದೆ ಎಂದೋ, ಡ್ರೈವರ್ ಇಲ್ಲವೆಂದೋ ತಿಳಿದು ಕೈಬಿಡುವುದುಂಟು. ವಾಸ್ತವದಲ್ಲಿ ಆ ಸಾಲು ಶುಭಸೂಚಕ: ಡ್ರೈವರ್ ಇದೆ, ಅದು ಕಾರ್ಡನ್ನು ಗುರುತು ಹಿಡಿದಿದೆ, ಕಾರ್ಡಿನೊಳಗೆ ಓಡಬೇಕಾದ ಕಡತವೊಂದು ಮಾತ್ರ ಬರಬೇಕಾಗಿದೆ.

ಆ ಕಡತ ಅನುಸ್ಥಾಪನೆಯ ಜೊತೆಯಲ್ಲಿಯೇ ಏಕೆ ಬರುವುದಿಲ್ಲ ಎಂಬುದಕ್ಕೆ ಕಾರಣವನ್ನು ಡ್ರೈವರಿನ ಕೈಪಿಡಿ ಪುಟವೇ ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಕರಾರಿನ ಕಟ್ಟುಪಾಡುಗಳಿಲ್ಲದೆ ಫರ್ಮ್‌ವೇರನ್ನು ಹಂಚುವ ಹಕ್ಕನ್ನು ಇಂಟೆಲ್ ಕೊಡುವುದಿಲ್ಲ, ಆದ್ದರಿಂದ ಡ್ರೈವರ್ ವ್ಯವಸ್ಥೆಯೊಳಗೆ ಇದ್ದರೂ ಫರ್ಮ್‌ವೇರನ್ನು ಬಳಕೆದಾರರೇ ತರಿಸಿಕೊಳ್ಳಬೇಕು. ಇಪ್ಪತ್ತು ವರ್ಷಗಳ ಹಿಂದೆ ವೈಫೈ ಚಿಪ್ ತಯಾರಕರಿಂದ ದಾಖಲೆಗಳನ್ನೂ ಹಂಚಿಕೆಯ ಹಕ್ಕನ್ನೂ ಪಡೆಯಲು ಓಪನ್‌ಬಿಎಸ್‌ಡಿ ತಂಡ ಬಹಿರಂಗವಾಗಿ ಹೋರಾಡಿತು. 2004ನೆಯ ಸಾಲಿನ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಪ್ರಶಸ್ತಿ ಥಿಯೋ ಡಿ ರಾಟ್ ಅವರಿಗೆ ಸಂದದ್ದು ಈ ಬಗೆಯ ಕೆಲಸಕ್ಕಾಗಿ. ರಾಲಿಂಕ್‌ನಂಥ ಕಂಪನಿ ಸಹಕರಿಸಿತು. ಆ ಸಹಕಾರದ ಫಲ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಹಳೆಯ ರಾಲಿಂಕ್ ಚಿಪ್ಪಿನ ಯುಎಸ್‌ಬಿ ವೈಫೈ ಅಡಾಪ್ಟರುಗಳನ್ನು ನಡೆಸುವ ‘ರನ್’ ಎಂಬ ಡ್ರೈವರಿನ ಫರ್ಮ್‌ವೇರ್ ಮೂಲ ವ್ಯವಸ್ಥೆಯಲ್ಲಿಯೇ ಇರುವುದರಿಂದ, ಅಂಥ ಅಡಾಪ್ಟರ್ ಸಿಕ್ಕಿಸಿದರೆ ಏನನ್ನೂ ಇಳಿಸಿಕೊಳ್ಳದೆ ಜಾಲಕ್ಕೆ ಹೋಗಬಹುದು. ಬಳಕೆದಾರರ ಹಕ್ಕಿಗಾಗಿ ಪಟ್ಟು ಹಿಡಿದ ಜನರ ಶ್ರಮ ಹೀಗೆ ಇಷ್ಟು ವರ್ಷಗಳ ಮೇಲೆ ಒಬ್ಬ ಅಪರಿಚಿತನ ಮೇಜಿನ ಮೇಲೆ ಕೆಲಸಕ್ಕೆ ಬರುವುದನ್ನು ನೋಡಿದಾಗ ನನಗೆ ಅವರ ಮೇಲಿನ ಗೌರವ ಹೆಚ್ಚುತ್ತದೆ.

ಇಂಟೆಲ್ ಕಾರ್ಡಿನ ಫರ್ಮ್‌ವೇರ್ ತರಿಸುವ ಕೆಲಸವನ್ನು ಎಫ್‌ಡಬ್ಲ್ಯು_ಅಪ್‌ಡೇಟ್ ಎಂಬ ಪುಟ್ಟ ಉಪಕರಣ ಮಾಡುತ್ತದೆ. ಅದು ಯಂತ್ರದಲ್ಲಿ ಯಾವ ಯಾವ ಸಾಧನಗಳಿವೆ ಎಂದು ತಾನೇ ನೋಡಿ, ಬೇಕಾದ ಕಡತಗಳನ್ನು ಮಾತ್ರ ಯೋಜನೆಯ ಫರ್ಮ್‌ವೇರ್ ತಾಣದಿಂದ ಇಳಿಸಿ, ಸಹಿ ಪರೀಕ್ಷಿಸಿ, ಅವುಗಳ ಜಾಗದಲ್ಲಿ ಇಡುತ್ತದೆ. ವೈಫೈ ಜೊತೆಗೆ ಗ್ರಾಫಿಕ್ಸ್ ಚಿಪ್ಪಿನ ಫರ್ಮ್‌ವೇರೂ ಇದೇ ದಾರಿಯಲ್ಲಿ ಬರುತ್ತದೆ. ಅನುಸ್ಥಾಪನೆಯ ಕೊನೆಯಲ್ಲಿಯೂ ಅದರ ನಂತರದ ಮೊದಲ ಬೂಟಿನಲ್ಲಿಯೂ ಈ ಉಪಕರಣ ತಾನಾಗಿಯೇ ಓಡುತ್ತದೆ. ಟಿ480ಯ ಈಥರ್ನೆಟ್ ಪೋರ್ಟು ಬೆಲೆಬಾಳುವುದು ಇಲ್ಲಿಯೇ: ರೂಟರಿನಿಂದ ಒಂದು ಕೇಬಲ್ ಎಳೆದು ಸಿಕ್ಕಿಸಿಟ್ಟುಕೊಂಡು ಅನುಸ್ಥಾಪಿಸಿದರೆ ದೋಷದ ಆ ಸಾಲನ್ನು ನೋಡುವ ಪ್ರಸಂಗವೇ ಬರುವುದಿಲ್ಲ. ಕೇಬಲ್ ಇಲ್ಲದವರು ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿಗೆ ಜೋಡಿಸಿ ಟೆದರಿಂಗ್ ಚಾಲೂ ಮಾಡಿದರೆ ಹೆಚ್ಚಿನ ಫೋನುಗಳು ಯುಆರ್‌ಎನ್‌ಡಿಐಎಸ್0 ಎಂಬ ಜಾಲ ಸಾಧನವಾಗಿ ಕಾಣಿಸಿಕೊಳ್ಳುತ್ತವೆ. ಅದಕ್ಕೆ, ಜಾಲ ಸಾಧನಗಳನ್ನು ಹೊಂದಿಸುವ ಇಫ್‌ಕಾನ್ಫಿಗ್ ಆದೇಶದ ಮೂಲಕ ಆಟೋಕಾನ್ಫ್ ಎಂದು ಹೇಳಿ ವಿಳಾಸ ಪಡೆದು ಎಫ್‌ಡಬ್ಲ್ಯು_ಅಪ್‌ಡೇಟ್ ಓಡಿಸಬಹುದು. ಎರಡೂ ಇಲ್ಲದ ಕಡೆ, ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡ ಫರ್ಮ್‌ವೇರ್ ಕಡತವನ್ನು ಪೆನ್‌ಡ್ರೈವಿನಲ್ಲಿ ತಂದು ಅದೇ ಉಪಕರಣಕ್ಕೆ ಆ ಜಾಗವನ್ನು ತೋರಿಸಬಹುದು.

ಇನ್ನು ಸಂರಚನೆ. ವೈಫೈ ಜೋಡಿಸುವ ತಂತ್ರಾಂಶಕ್ಕಾಗಿ ಲಿನಕ್ಸಿನಿಂದ ಬಂದವರು ನೆಟ್‌ವರ್ಕ್‌ಮ್ಯಾನೇಜರಿನ ಹೆಸರನ್ನೂ ಫ್ರೀಬಿಎಸ್‌ಡಿಯಿಂದ ಬಂದವರು ಡಬ್ಲ್ಯುಪಿಎ ಸಪ್ಲಿಕೆಂಟಿನ ಹೆಸರನ್ನೂ ಹುಡುಕುತ್ತಾರೆ. ಇಲ್ಲಿ ಸಾಮಾನ್ಯ ಮನೆ-ಕಚೇರಿ ಜಾಲಗಳಿಗೆ ಎರಡೂ ಬೇಡ. ಇಟಿಸಿ ಡೈರೆಕ್ಟರಿಯಲ್ಲಿ ಹೋಸ್ಟ್‌ನೇಮ್.ಐಡಬ್ಲ್ಯುಎಂ0 ಎಂಬ ಕಡತ ತೆರೆದು, ‘ಜಾಯಿನ್’ ಎಂಬ ಪದದ ಮುಂದೆ ಜಾಲದ ಹೆಸರು, ‘ಡಬ್ಲ್ಯುಪಿಎಕೀ’ ಎಂಬುದರ ಮುಂದೆ ಗುಪ್ತಪದ ಬರೆಯಬೇಕು. ಮನೆ, ಕಚೇರಿ, ಊರಿನ ಮನೆ, ಫೋನಿನ ಹಾಟ್‌ಸ್ಪಾಟ್ ಹೀಗೆ ಎಷ್ಟು ಜಾಲಗಳಿವೆಯೋ ಅಷ್ಟು ಸಾಲು. ಕೊನೆಯಲ್ಲಿ ‘ಇನೆಟ್ ಆಟೋಕಾನ್ಫ್’ ಎಂದು ಒಂದು ಸಾಲು. ಕಡತವನ್ನು ಉಳಿಸಿ, ಜಾಲವನ್ನು ಆರಂಭಿಸುವ ನೆಟ್‌ಸ್ಟಾರ್ಟ್ ಓಡಿಸಿದರೆ ಮುಗಿಯಿತು. ಅಲ್ಲಿಂದ ಮುಂದೆ ಸುತ್ತಮುತ್ತ ಯಾವ ಪರಿಚಿತ ಜಾಲ ಸಿಗುತ್ತದೋ ಅದನ್ನು ಕರ್ನಲ್ಲೇ ಆರಿಸಿಕೊಂಡು ಸೇರುತ್ತದೆ. ಈ ‘ಜಾಯಿನ್’ ಸೌಲಭ್ಯ ಬಂದದ್ದು 2018ರ 6.4 ಬಿಡುಗಡೆಯಲ್ಲಿ. ಅದಕ್ಕೆ ಮುಂಚೆ ಜಾಗ ಬದಲಾದಾಗಲೆಲ್ಲ ಜಾಲದ ಹೆಸರನ್ನು ಕೈಯಾರೆ ಬದಲಿಸಬೇಕಾಗುತ್ತಿತ್ತು, ಅಥವಾ ಸ್ವಂತ ಸ್ಕ್ರಿಪ್ಟ್ ಬರೆದುಕೊಳ್ಳಬೇಕಾಗುತ್ತಿತ್ತು.

ಕಾಳಜಿ ಎಲ್ಲಿಯವರೆಗೆ ಹೋಗಿದೆ ಎಂಬುದಕ್ಕೆ ಒಂದು ಉದಾಹರಣೆ. ಗುಪ್ತಪದವಿರುವ ಆ ಕಡತವನ್ನು ಎಲ್ಲರೂ ಓದುವಂತೆ ಬಿಟ್ಟಿದ್ದರೆ, ನೆಟ್‌ಸ್ಟಾರ್ಟ್ ಅದನ್ನು ಕಂಡುಹಿಡಿದು, ಈ ಕಡತ ಸುರಕ್ಷಿತವಾಗಿಲ್ಲ, ಅನುಮತಿಗಳನ್ನು ಸರಿಪಡಿಸುತ್ತಿದ್ದೇನೆ ಎಂದು ಎಚ್ಚರಿಸಿ ತಾನೇ ಸರಿಪಡಿಸುತ್ತದೆ. ಬಳಕೆದಾರ ಮರೆಯಬಹುದಾದದ್ದನ್ನು ಮುಂದಾಗಿಯೇ ಯೋಚಿಸಿ ಕಟ್ಟಿದ ವ್ಯವಸ್ಥೆ ಇದು. ಇನ್ನೊಂದು ಉಪಯುಕ್ತ ಸಾಲು ‘ಎಲ್‌ಎಲ್‌ಅಡ್ರ್ ರ್ಯಾಂಡಮ್’: ಇದನ್ನು ಅದೇ ಕಡತದಲ್ಲಿ ಸೇರಿಸಿದರೆ ಪ್ರತಿ ಬೂಟಿಗೂ, ಕಾರ್ಡನ್ನು ಜಾಲದಲ್ಲಿ ಗುರುತಿಸುವ ಮ್ಯಾಕ್ ವಿಳಾಸ ಬದಲಾಗುತ್ತದೆ. ವಿಮಾನ ನಿಲ್ದಾಣ, ಹೋಟೆಲುಗಳ ಜಾಲಗಳಲ್ಲಿ ನಮ್ಮ ಜಾಡು ಉಳಿಯದಂತೆ ಮಾಡಲು ಇದು ಒಳ್ಳೆಯ ಉಪಾಯ. ಆದರೆ ಮೊಬೈಲಿಗೆ ಒಟಿಪಿ ಕಳಿಸಿ ಒಳಬಿಡುವ ಜಾಲಗಳು ಆಗ ನಮ್ಮನ್ನು ಪ್ರತಿ ಸಲವೂ ಹೊಸಬರೆಂದೇ ತಿಳಿದು ಮತ್ತೆ ಒಟಿಪಿ ಕೇಳುತ್ತವೆ.

ಈಥರ್ನೆಟ್ ಮತ್ತು ವೈಫೈ ಎರಡನ್ನೂ ಬಳಸುವವರು ಟ್ರಂಕ್ ಎಂಬ ಸೌಲಭ್ಯವನ್ನು ತಪ್ಪದೆ ನೋಡಬೇಕು. ಎರಡೂ ಸಾಧನಗಳನ್ನು ಟ್ರಂಕ್0 ಎಂಬ ಒಂದೇ ಹೆಸರಿನಡಿ ತಂದು, ಕೇಬಲ್ ಇದ್ದಾಗ ಕೇಬಲ್, ಇಲ್ಲದಿದ್ದಾಗ ವೈಫೈ ಎಂದು ಹೇಳಬಹುದು. ಮೇಜಿನಿಂದ ಲ್ಯಾಪ್‌ಟಾಪ್ ಎತ್ತಿಕೊಂಡು ಕೇಬಲ್ ಕಿತ್ತರೆ ಐಪಿ ವಿಳಾಸ ಅದೇ ಉಳಿಯುತ್ತದೆ, ದೂರದ ಸರ್ವರಿಗೆ ತೆರೆದಿಟ್ಟ ಎಸ್‌ಎಸ್‌ಎಚ್ ಸಂಪರ್ಕ ಕಡಿಯುವುದಿಲ್ಲ. ಸರ್ವರುಗಳ ಮೇಲೆ ಕೆಲಸ ಮಾಡುವ ನನಗೆ ಈ ಒಂದು ಅನುಕೂಲವೇ ಬಹಳ ದೊಡ್ಡದು.

ವೇಗದ ಬಗ್ಗೆ ನೇರವಾಗಿ ಹೇಳುವುದಾದರೆ ಇದು ಅತಿ ವೇಗದ ವೈಫೈ ಅಲ್ಲ. ಇಂಟೆಲ್ ಕಾರ್ಡುಗಳಿಗೆ 802.11ಎಸಿ (ವೈಫೈ 5) ಬೆಂಬಲ ಬಂದದ್ದು 2022ರಲ್ಲಿ. ಅದಕ್ಕೆ ಮುಂಚೆ ಹಳೆಯ, ನಿಧಾನದ 802.11ಎನ್‌ಗೇ ನಿಂತಿತ್ತು. ಈಗ ಇಫ್‌ಕಾನ್ಫಿಗ್ ಕೊಟ್ಟು ನೋಡಿದರೆ ಮೀಡಿಯಾ ಸಾಲಿನ ಕೊನೆಯಲ್ಲಿ ‘ಮೋಡ್ 11ಎಸಿ’ ಎಂದು ಕಾಣುತ್ತದೆ, ಮನೆಯ 100 ಎಂಬಿಪಿಎಸ್ ಫೈಬರ್ ಸಂಪರ್ಕಕ್ಕೆ ಅದು ಧಾರಾಳವಾಗಿ ಸಾಲುತ್ತದೆ. ಆದರೆ ವೈಫೈ 6 ಎಂದು ಕರೆಯುವ 802.11ಎಎಕ್ಸ್ ಇಲ್ಲ. ಎಎಕ್ಸ್200, ಎಎಕ್ಸ್210 ಕಾರ್ಡುಗಳನ್ನು ಐಡಬ್ಲ್ಯುಎಕ್ಸ್ ಎಂಬ ಡ್ರೈವರ್ ನಡೆಸುತ್ತದೆಯಾದರೂ ಅವು 11ಎಸಿ ವೇಗದಲ್ಲಿಯೇ ಓಡುತ್ತವೆ. ಗಿಗಾಬಿಟ್ ಸಂಪರ್ಕಕ್ಕೆ ಹಣ ಕಟ್ಟಿ ಅದರ ಪೂರ್ಣ ವೇಗ ವೈಫೈಯಲ್ಲಿಯೇ ಬೇಕೆನ್ನುವವರಿಗೆ ಇದು ನಿರಾಸೆ ತರುತ್ತದೆ.

ಇನ್ನೂ ಮೂರು ಕೊರತೆಗಳನ್ನು ಮುಚ್ಚಿಡಲಾರೆ. ವೈಫೈ ಜಾಲಗಳ ಹೊಸ ಭದ್ರತಾ ಮಾನದಂಡವಾದ ಡಬ್ಲ್ಯುಪಿಎ3 ಇಲ್ಲ. ಮನೆಯ ರೂಟರಿನಲ್ಲಿ ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಒಪ್ಪುವ ಮಿಶ್ರ ಕ್ರಮವನ್ನು ಇಟ್ಟುಕೊಂಡರೆ ತೊಂದರೆಯಿಲ್ಲ, ಆದರೆ ಡಬ್ಲ್ಯುಪಿಎ3 ಮಾತ್ರ ಎಂದು ಕಟ್ಟುನಿಟ್ಟು ಮಾಡಿರುವ ಕಚೇರಿಯ ಜಾಲಕ್ಕೆ ಈ ಲ್ಯಾಪ್‌ಟಾಪ್ ಸೇರಲಾರದು. ಭದ್ರತೆಯನ್ನೇ ಧ್ಯೇಯವಾಗಿಸಿಕೊಂಡ ವ್ಯವಸ್ಥೆಯಲ್ಲಿ ಇದು ನನಗೆ ಅತ್ಯಂತ ಬೇಸರ ತರುವ ಕೊರತೆ. ವಿಶ್ವವಿದ್ಯಾಲಯಗಳ ಎಜುರೋಮ್‌ನಂಥ, ಪ್ರತಿಯೊಬ್ಬರಿಗೂ ಬೇರೆ ಬಳಕೆದಾರ ಹೆಸರು ಕೇಳುವ ಜಾಲಗಳಿಗೆ ಡಬ್ಲ್ಯುಪಿಎ ಸಪ್ಲಿಕೆಂಟನ್ನು ಪ್ಯಾಕೇಜಾಗಿ ಹಾಕಿ ಅದರದೇ ಕಡತವನ್ನು ಬರೆಯಬೇಕು. ಆಗುತ್ತದೆ, ಆದರೆ ಮೇಲೆ ಹೇಳಿದ ಸರಳತೆ ಅಲ್ಲಿ ಉಳಿಯುವುದಿಲ್ಲ. ಮೂರನೆಯದು ಬ್ಲೂಟೂತ್. ಸರಿಯಾಗಿ ನೋಡಿಕೊಳ್ಳುವವರಿಲ್ಲ ಎಂಬ ಕಾರಣಕ್ಕೆ 2014ರಲ್ಲಿ ಅದರ ಕೋಡನ್ನು ತೆಗೆದುಹಾಕಿದರು, ಅದು ಮತ್ತೆ ಬಂದಿಲ್ಲ. 8265 ಕಾರ್ಡಿನಲ್ಲಿ ಬ್ಲೂಟೂತ್ ಇದ್ದರೂ ಅದು ಸುಮ್ಮನೆ ಬಿದ್ದಿರುತ್ತದೆ. ಬ್ಲೂಟೂತ್ ಇಯರ್‌ಫೋನ್ ಬಿಡಲಾರದವರು, ಕಂಪ್ಯೂಟರಿಗೆ ಬರೀ ಯುಎಸ್‌ಬಿ ಆಡಿಯೊ ಸಾಧನದಂತೆ ತೋರುವ, ಜೋಡಣೆಯ ಕೆಲಸವನ್ನೆಲ್ಲ ತನ್ನೊಳಗೇ ಮಾಡಿಕೊಳ್ಳುವ ಬಗೆಯ ಡಾಂಗಲ್ ಕೊಳ್ಳಬೇಕಾಗುತ್ತದೆ.

ಪರದೆ ಎಂದ ಮೇಲೆ ಅದರ ಮೇಲೆ ಕನ್ನಡ ಹೇಗೆ ಕಾಣುತ್ತದೆ ಎಂದು ನೋಡದೆ ವಿಮರ್ಶೆ ಮುಗಿಸಲಾಗದು. ಮೂಲ ಅನುಸ್ಥಾಪನೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳಿಲ್ಲದಿರುವುದರಿಂದ ಮೊದಲಿಗೆ ಬರೀ ಚೌಕಗಳು ಕಾಣುತ್ತವೆ. ನೋಟೋ ಸ್ಯಾನ್ಸ್ ಕನ್ನಡದಂಥ ಒಂದು ಫಾಂಟಿನ ಕಡತವನ್ನು ಮನೆ ಡೈರೆಕ್ಟರಿಯ ಫಾಂಟುಗಳ ಜಾಗದಲ್ಲಿಟ್ಟು ಎಫ್‌ಸಿ-ಕ್ಯಾಶ್ ಓಡಿಸಿದರೆ ಫೈರ್‌ಫಾಕ್ಸಿನಲ್ಲಿಯೂ ಲಿಬ್ರೆಆಫೀಸಿನಲ್ಲಿಯೂ ಒತ್ತಕ್ಷರಗಳು, ಕೊಂಬು, ದೀರ್ಘಗಳೆಲ್ಲ ಸರಿಯಾಗಿ ಕೂರುತ್ತವೆ. ಆದೇಶಗಳನ್ನು ಬರೆಯುವ ಎಕ್ಸ್‌ಟರ್ಮ್ ಕಿಟಕಿ ಮಾತ್ರ ಅಕ್ಷರಗಳನ್ನು ಜೋಡಿಸುವ ಶಕ್ತಿಯಿಲ್ಲದ್ದು. ಅದರಲ್ಲಿ ಕನ್ನಡ ಹೆಸರಿನ ಕಡತಗಳು ಒಡೆದೊಡೆದು ಕಾಣುತ್ತವೆ. ಬರೆಯುವ ವಿಷಯದಲ್ಲಿ ಸಂತೋಷದ ಸಂಗತಿಯೊಂದಿದೆ: ಎಕ್ಸ್ ವ್ಯವಸ್ಥೆಯ ಕೀಲಿಮಣೆ ದತ್ತಾಂಶದಲ್ಲಿ ಕನ್ನಡದ ಕಗಪ ವಿನ್ಯಾಸ ಮೊದಲಿನಿಂದಲೇ ಸೇರಿಕೊಂಡಿದೆ. ಸೆಟ್‌ಎಕ್ಸ್‌ಕೆಬಿಮ್ಯಾಪ್ ಆದೇಶದಲ್ಲಿ ಇಂಗ್ಲಿಷ್ ಜೊತೆಗೆ ಭಾರತದ ವಿನ್ಯಾಸವನ್ನೂ ಅದರ ಕನ್ನಡ ಕಗಪ ಪ್ರಭೇದವನ್ನೂ ಹೆಸರಿಸಿ, ಆಲ್ಟ್-ಶಿಫ್ಟ್ ಒತ್ತಿದರೆ ಭಾಷೆ ಬದಲಾಗಲಿ ಎಂದರೆ ಸಾಕು. ಬೇರೆ ಯಾವ ತಂತ್ರಾಂಶವನ್ನೂ ಹಾಕದೆ ಕನ್ನಡ ಬರೆಯಬಹುದು.

ಇಷ್ಟೆಲ್ಲ ಹೇಳಿದ್ದು ಟಿ480ಗೆ ಅನ್ವಯಿಸುತ್ತದೆ. ಕೈಗೆ ಸಿಕ್ಕ ಯಾವ ಲ್ಯಾಪ್‌ಟಾಪಿಗಾದರೂ ಇದೇ ಫಲ ಸಿಗುತ್ತದೆ ಎಂದು ತಿಳಿಯಬಾರದು. ಓಪನ್‌ಬಿಎಸ್‌ಡಿಯಲ್ಲಿ ಎನ್‌ವಿಡಿಯಾ ಚಿಪ್ಪುಗಳಿಗೆ ಬಳಸಲು ಯೋಗ್ಯವಾದ ಡ್ರೈವರ್ ಇಲ್ಲ. ಟಿ480ಯಲ್ಲೂ ಎಂಎಕ್ಸ್150 ಎಂಬ ಎನ್‌ವಿಡಿಯಾ ಚಿಪ್ಪಿರುವ ಪ್ರಭೇದವಿದೆ. ಪರದೆ ಇಂಟೆಲ್ ಚಿಪ್ಪಿಗೇ ಜೋಡಿಸಿರುವುದರಿಂದ ಅದರಲ್ಲೂ ಕೆಲಸ ನಡೆಯುತ್ತದೆ, ಆದರೆ ಬಳಕೆಗೆ ಬಾರದ ಚಿಪ್ಪಿಗೆ ಹೆಚ್ಚು ಹಣ ಕೊಟ್ಟಂತಾಗುತ್ತದೆ. ವೈಫೈಯಲ್ಲಿ 2013ರಿಂದ ಕೆಲವು ವರ್ಷ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಹೇರಳವಾಗಿ ಬಂದ ಬ್ರಾಡ್‌ಕಾಮ್ ಬಿಸಿಎಂ43142 ಕಾರ್ಡಿಗೆ ಇಲ್ಲಿ ಡ್ರೈವರೇ ಇಲ್ಲ. ಎಕ್ಸ್220, ಎಕ್ಸ್230ನಂಥ ಹಳೆಯ ಥಿಂಕ್‌ಪ್ಯಾಡುಗಳಲ್ಲಿ ಪರದೆಯೂ ಮೂಲ ಇಂಟೆಲ್ ವೈಫೈಯೂ ಚೆನ್ನಾಗಿ ನಡೆಯುತ್ತವೆ, ಆದರೆ ಅವುಗಳ ಬಯಾಸ್ (ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶ) ತನ್ನ ಪಟ್ಟಿಯಲ್ಲಿಲ್ಲದ ವೈಫೈ ಕಾರ್ಡನ್ನು ಹಾಕಿದರೆ ಬೂಟ್ ಆಗಲು ಒಪ್ಪುವುದಿಲ್ಲವಾದ್ದರಿಂದ, ಮುಂದೆ ಕಾರ್ಡು ಬದಲಿಸಿದರಾಯಿತು ಎಂದುಕೊಂಡು ಕೊಳ್ಳುವಂತಿಲ್ಲ.

ಹಳೆಯ ಲ್ಯಾಪ್‌ಟಾಪ್ ಅಂಗಡಿಗಳಲ್ಲಿ ಯಂತ್ರದ ಮೇಲೆ ಅಂಟಿಸಿದ ಚೀಟಿಯಲ್ಲಿ ಪ್ರೊಸೆಸರ್, ರ್ಯಾಮ್, ಎಸ್‌ಎಸ್‌ಡಿ ಇಷ್ಟೇ ಇರುತ್ತದೆ. ನಮಗೆ ಬೇಕಾದ ಪರದೆಯ ಅಳತೆಯೂ ವೈಫೈ ಕಾರ್ಡಿನ ಹೆಸರೂ ಇರುವುದಿಲ್ಲ. ಟಿ480ಯಲ್ಲಿ 1366x768ರ ಮಂಕು ಫಲಕವೂ ಬರುತ್ತಿತ್ತು, ದೂರದಿಂದ ನೋಡಿದರೆ ಎರಡೂ ಒಂದೇ. ಇದಕ್ಕೆ ನಾನು ಸೂಚಿಸುವ ದಾರಿ ಎಂದರೆ, ಮನೆಯಲ್ಲಿಯೇ ಒಂದು ಪೆನ್‌ಡ್ರೈವಿನ ಮೇಲೆ ಓಪನ್‌ಬಿಎಸ್‌ಡಿಯನ್ನು ಪೂರ್ತಿಯಾಗಿ ಅನುಸ್ಥಾಪಿಸಿ, ಐಡಬ್ಲ್ಯುಎನ್, ಐಡಬ್ಲ್ಯುಎಂ, ಐಡಬ್ಲ್ಯುಎಕ್ಸ್ ಎಂಬ ಮೂರು ಇಂಟೆಲ್ ವೈಫೈ ಡ್ರೈವರುಗಳ ಫರ್ಮ್‌ವೇರನ್ನೂ ಅದರೊಳಗೆ ಇಟ್ಟುಕೊಂಡು ಹೋಗುವುದು. ಅಂಗಡಿಯಲ್ಲಿ ಕೊಳ್ಳುವ ಯಂತ್ರವನ್ನು ಅದರಿಂದ ಬೂಟ್ ಮಾಡಿದರೆ, ಅದರ ಡಿಸ್ಕನ್ನು ಮುಟ್ಟದೆಯೇ ಪರೀಕ್ಷೆ ಮುಗಿಯುತ್ತದೆ. ಇನ್‌ಸ್ಟಾಲರಿನ ಕರ್ನಲ್ಲಿನಲ್ಲಿ ಗ್ರಾಫಿಕ್ಸ್ ಡ್ರೈವರ್ ಇರುವುದಿಲ್ಲವಾದ್ದರಿಂದ ಬರೀ ಇನ್‌ಸ್ಟಾಲರ್ ಪೆನ್‌ಡ್ರೈವ್ ಒಯ್ದರೆ ಪರದೆಯ ಪರೀಕ್ಷೆ ಆಗುವುದಿಲ್ಲ. ಪೂರ್ಣ ಅನುಸ್ಥಾಪನೆಯೇ ಬೇಕು. ನೋಡಬೇಕಾದದ್ದು ಡಿಮೆಸೇಜಿನ ಎರಡು ಸಾಲು: ಇಂಟೆಲ್‌ಡಿಆರ್‌ಎಂ0 ಮುಂದಿನ ಅಳತೆ, ಮತ್ತು ವೈಫೈ ಸಾಧನದ ಹೆಸರಿನ ಮುಂದೆ ಫರ್ಮ್‌ವೇರ್ ಆವೃತ್ತಿ ಹಾಗೂ ವಿಳಾಸ. ಆಮೇಲೆ ಇಫ್‌ಕಾನ್ಫಿಗ್‌ನ ಸ್ಕ್ಯಾನ್ ಕೊಟ್ಟರೆ ಅಕ್ಕಪಕ್ಕದ ಅಂಗಡಿಗಳ ಜಾಲಗಳ ಪಟ್ಟಿ ಬರಬೇಕು. ಪಟ್ಟಿ ಬಾರದಿದ್ದರೆ ಸಾಧನದ ಹೆಸರಿನ ಕೈಪಿಡಿ ಪುಟವನ್ನು ಅಲ್ಲಿಯೇ ತೆರೆಯಬಹುದು. ಬೆಂಬಲವಿರುವ ಕಾರ್ಡುಗಳ ಹೆಸರು, ಬರಬಹುದಾದ ದೋಷಸಂದೇಶಗಳ ಅರ್ಥ ಎರಡೂ ಅದರಲ್ಲಿವೆ, ಓದಲು ಇಂಟರ್ನೆಟ್ ಬೇಡ. ಈ ಕೈಪಿಡಿಯ ಗುಣಮಟ್ಟಕ್ಕೆ ಸಮನಾದುದನ್ನು ನಾನು ಬೇರೆ ಯಾವ ವ್ಯವಸ್ಥೆಯಲ್ಲೂ ಕಂಡಿಲ್ಲ.

ಯಾರಿಗೆ ಇದನ್ನು ಸೂಚಿಸುತ್ತೇನೆ? ಕೈಯಲ್ಲಿರುವ ಲ್ಯಾಪ್‌ಟಾಪ್ ಯಾವುದೇ ಇರಲಿ, ಅದರ ಎಲ್ಲ ಭಾಗಗಳೂ ಇಂದೇ ಕೆಲಸ ಮಾಡಬೇಕೆನ್ನುವವರಿಗೆ ಲಿನಕ್ಸ್ ಹೆಚ್ಚು ಸೂಕ್ತ. ಹೊಸ ಯಂತ್ರಾಂಶಕ್ಕೆ ಅಲ್ಲಿ ಡ್ರೈವರುಗಳು ಮೊದಲು ಬರುತ್ತವೆ. ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಬೇಕೆನ್ನುವವರು, ಇಂಟೆಲ್ ವೈಫೈಗೆ 11ಎನ್ ಮತ್ತು 11ಎಸಿ ಬೆಂಬಲ ಸೇರಿದ 14.3ನೆಯ ಬಿಡುಗಡೆಯಿಂದೀಚೆಗೆ, ಫ್ರೀಬಿಎಸ್‌ಡಿಯನ್ನು ಹೊಸದಾಗಿ ಪರಿಗಣಿಸಬಹುದು. ಯಂತ್ರವನ್ನು ನೋಡಿ ಆರಿಸಿಕೊಳ್ಳಲು ಸಿದ್ಧವಿರುವ, ಒಮ್ಮೆ ಹೊಂದಿಸಿದ್ದು ಪ್ರತಿ ಅಪ್‌ಗ್ರೇಡಿನಲ್ಲೂ ಹಾಗೆಯೇ ಉಳಿಯಬೇಕೆಂದು ಬಯಸುವ, ಬ್ಲೂಟೂತ್ ಇಲ್ಲದೆ ಬದುಕಬಲ್ಲ ಪ್ರೋಗ್ರಾಮರುಗಳಿಗೆ, ಸಿಸ್ಟಂ ನಿರ್ವಾಹಕರಿಗೆ, ಯುನಿಕ್ಸನ್ನು ಬುಡದಿಂದ ಕಲಿಯಬೇಕೆಂದಿರುವ ವಿದ್ಯಾರ್ಥಿಗಳಿಗೆ ಓಪನ್‌ಬಿಎಸ್‌ಡಿಯನ್ನು ಮನಸಾರೆ ಸೂಚಿಸುತ್ತೇನೆ. ಅಂಥವರು ಟಿ480 ಕೊಳ್ಳುವಾಗ ಎಂಎಕ್ಸ್150 ಇಲ್ಲದ, 1920x1080 ಫಲಕವಿರುವ ಪ್ರಭೇದವನ್ನೇ ಕೇಳಿ ಪಡೆಯಲಿ, ಮನೆಗೆ ಹೋಗುವ ದಾರಿಯಲ್ಲಿ ಒಂದು ಈಥರ್ನೆಟ್ ಕೇಬಲನ್ನೂ ಕೊಂಡುಕೊಳ್ಳಲಿ.